ನೀಲಗಂಗಮ್ಮ ರಾಜ್ಯ ಹಾಳು ಮಾಡಲು ಕಲಿತದ್ದು

ಅಂದು ಅವರೆಕಾಳು ಹಿತಕುವ ದಿನ. ನೆನೆಹಾಕಿದ ಕಾಳು ಬೆಳಗಾಗುವಷ್ಟರಲ್ಲಿ ಊದಿಕೊಂಡು ಪಾತ್ರೆಯ ಅಂಚಿಗೆ ಬಂದಿತ್ತು. ಹಿತಕುವುದೆಂದರೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದು. ಒಬ್ಬರ ಕೆಲಸವಲ್ಲ ಅದು. ಎದುರಿಗೊಬ್ಬರು ಕೂತಿರಬೇಕು, ಯಾರನ್ನಾದರೂ ಆಡಿಕೊಳ್ಳುತ್ತಿರಬೇಕು, ಆಗ ಕಾಳು ಮುಗಿಯುತ್ತದೆ. ಚಿಕ್ಕಲಸಂದ್ರದ ಆ ಮನೆಯಲ್ಲಿ ನೀಲಗಂಗಮ್ಮನ ಎದುರಿಗೆ ಕೂರುತ್ತಿದ್ದವನು ಅವಳ ಗಂಡ ಮರುಳಸಿದ್ದಪ್ಪ.

ಆವತ್ತು ಅವನು ಬರಲಿಲ್ಲ. ನಡುಮನೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ.

"ಏನ್ರೀ, ಬರ್ತೀರೋ ಇಲ್ವೋ? ಬೆರಳು ಬೆಂಡಾಗೋಯ್ತು."

"ಬಂದೆ ಕಣೆ."

"ಬಂದೆ ಬಂದೆ ಅಂತ ಬೆಳಿಗ್ಗೆಯಿಂದ ಬರ್ತಾನೇ ಇದೀರ. ಬೇಗೂರಿಂದ ನಡ್ಕೊಂಡು ಬಂದಿದ್ರೂ ಇಷ್ಟೊತ್ತಿಗೆ ಬಂದಿರ್ತಿದ್ರಿ."

ಅವನು ನಕ್ಕ. "ಇದನ್ನ ನಿಲ್ಲಿಸಕ್ಕಾಗಲ್ಲ ಕಣೆ. ಅದರ ಪಾಡಿಗೆ ನಡೀತಾ ಇರತ್ತೆ."

"ಬಿಟ್ಟು ಎದ್ರೆ ಯಾರ ಮನೆ ಮುಳುಗತ್ತೆ?"

"ಇನ್ನೆರಡೇ ಇದೆ. ಬಂದೆ."

ಅವಳು ಒಬ್ಬಳೇ ಹಿತಕಿದಳು. ಮಸಾಲೆ ರುಬ್ಬಿದಳು. ಸಾರು ಕುದಿಸಿ ಮುದ್ದೆ ಕಟ್ಟಿದಳು. ತಟ್ಟೆ ಹಾಕಿ ಕರೆದಳು. ಉತ್ತರ ಬರಲಿಲ್ಲ. ಇವತ್ತು ಆ ವೈರು ಕಿತ್ತೇ ಬಿಡುತ್ತೇನೆಂದು ಬೈಯುತ್ತಾ ನಡುಮನೆಗೆ ಹೋದಳು. ಬೈಗುಳ ಇನ್ನೂ ಬಾಯಲ್ಲಿರುವಾಗಲೇ ಅವಳಿಗೆ ಗೊತ್ತಾಯಿತು.

ಕೂತಲ್ಲೇ ಹೋಗಿದ್ದ. ಕೂತೇ ಹೋದವನನ್ನು ಕೂರಿಸಿಯೇ ಮಣ್ಣು ಮಾಡಿದರು. ಅವರಲ್ಲಿ ಪದ್ಧತಿಯೇ ಹಾಗೆ. ಕೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ. ಮಲಗಿ ಸುಧಾರಿಸಿಕೊಳ್ಳುವುದು ಅವನಿಗೆ ಕೊನೆಗೂ ಸಿಗಲಿಲ್ಲ.

ಹಿತಕಿದ ಬೇಳೆಯ ಸಾರನ್ನು ಯಾರೋ ಪಾತ್ರೆ ಸಮೇತ ಹೊರಗೆ ಚೆಲ್ಲಿದರು.

ಆ ಆಟವನ್ನು ಮನೆಗೆ ತಂದವನು ತಿರುಮಲೇಶ. ಜಯನಗರದವನು, ವಿಮಾ ಕಚೇರಿಯಿಂದ ನಿವೃತ್ತನಾದವನು. ಮರುಳಸಿದ್ದಪ್ಪನ ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಪೀಸು ಆರಿಸುತ್ತಾ ಆರಿಸುತ್ತಾ ಗೆಳೆಯನಾಗಿದ್ದ. ಮಂಡಿನೋವು ಹೆಚ್ಚಾಗಿ ಅಂಗಡಿ ಮಾರಿ ಕೂತ ಮೇಲೆ ಮರುಳಸಿದ್ದಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ. ಕಾಲ ಕಳೆಯಲಿ ಎಂದು ತಿರುಮಲೇಶ ಇದನ್ನು ಹಾಕಿಕೊಟ್ಟ. ಎರಡು ಸಾವಿರ ವರ್ಷಕ್ಕೂ ಹಿಂದಿನ ಲೋಕದ ನಕ್ಷೆ. ರೋಮಿನಿಂದ ಪಾಟಲಿಪುತ್ರದವರೆಗೆ ನೂರಾರು ರಾಜ್ಯ. ಒಂದನ್ನು ಹಿಡಿದುಕೊಂಡು ಆಳಬೇಕು. ಮರುಳಸಿದ್ದಪ್ಪ ಹಿಡಿದದ್ದು ಕಾವೇರಿ ದಂಡೆಯ ಒಂದು ಚಿಕ್ಕ ರಾಜ್ಯ. ಅದರ ಉತ್ತರಕ್ಕಿದ್ದದ್ದು ತಿರುಮಲೇಶನದು. ಅವನು ಅವನ ಮನೆಯಿಂದ, ಇವನು ಇವನ ಮನೆಯಿಂದ ಒಂದೇ ಆಟವನ್ನು ಕೂಡಿ ಆಡುತ್ತಿದ್ದರು.

ಬೆಳಗಿನ ಲಿಂಗಪೂಜೆ ಮುಗಿದರೆ ಮರುಳಸಿದ್ದಪ್ಪ ನೇರ ಅಲ್ಲಿಗೇ ಹೋಗಿ ಕೂರುತ್ತಿದ್ದ. ಬೆರಳ ವಿಭೂತಿಯೆಲ್ಲ ಕೀಬೋರ್ಡಿಗೆ ಮೆತ್ತುತ್ತಿತ್ತು. ಒರೆಸುವವಳು ನೀಲಗಂಗಮ್ಮ. ಒರೆಸುತ್ತಾ ಅದನ್ನು ಸವತಿ ಎಂದು ಕರೆಯುತ್ತಿದ್ದಳು. ಮುಖ ನೋಡಿದರೆ ಸವತಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ, ಮಾಡಿಹಾಕುವ ಕೆಲಸ ಮಾತ್ರ ತನಗೇ.

ಶಿವಗಣಾರಾಧನೆಯ ದಿನ ತಿರುಮಲೇಶ ಹೆಂಡತಿ ಚೂಡಾಮಣಿಯನ್ನು ಕರೆದುಕೊಂಡು ಬಂದ. ಊಟದ ನಡುವೆ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಮ್ಮಾ, ಇಂಥ ಹೊತ್ತಲ್ಲಿ ಕೇಳಬಾರ್ದು."

"ಕೇಳಬಾರ್ದು ಅಂದ್ರೆ ಕೇಳ್ಬೇಡಿ."

"ಅಲ್ಲ, ಆ ಕಂಪ್ಯೂಟರಲ್ಲಿ ನಮ್ಮಿಬ್ಬರ ಆಟ ಇದೆ. ಅದು ಇಲ್ಲಿ ಆನ್ ಆದ್ರೇನೇ ಅಲ್ಲಿ ನನಗೆ ಆಡಕ್ಕಾಗೋದು. ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗ್ಬಿಡ್ತೀನಿ. ನನ್ನ ಸೈನ್ಯ ನಿಂತಲ್ಲೇ ನಿಂತಿದೆ."

ನೀಲಗಂಗಮ್ಮ ಸೌಟನ್ನು ಪಾಯಸದ ಪಾತ್ರೆಗೆ ಬಿಟ್ಟಳು.

"ನಿಮ್ಮ ಸೈನ್ಯ ನಿಂತಿದೆ. ನಮ್ಮ ಯಜಮಾನರು ಮಣ್ಣಲ್ಲಿ ಕೂತಿದಾರೆ. ಹೋಗಿ, ಎಲೇಲಿ ಪಾಯಸ ಆರ್ತಾ ಇದೆ."

ಚೂಡಾಮಣಿ ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ಗೇಟಿನವರೆಗೂ ಅವಳು ಬೈದದ್ದು ಒಳಗೆ ಕೇಳಿಸಿತು. ನೀಲಗಂಗಮ್ಮನಿಗೆ ಆವತ್ತು ಸಿಕ್ಕ ಸಮಾಧಾನ ಅದೊಂದೇ.

ಮಗಳು ಲಿಖಿತಾ ಬಿಟಿಎಂ ಲೇಔಟಿನಲ್ಲಿದ್ದವಳು. ನೆಂಟರೆಲ್ಲ ಹೋದ ಮೇಲೆ ಅವಳೇ ಮಾತು ತೆಗೆದಳು.

"ಅಮ್ಮ, ಆ ಗೇಮ್ ಡಿಲೀಟ್ ಮಾಡ್ಬಿಡ್ಲಾ? ಒಂದು ನಿಮಿಷದ ಕೆಲಸ."

"ಬೇಡ."

"ಮತ್ತೆ? ನೋಡಿದಾಗೆಲ್ಲ ಉರ್ಕೊಳ್ತಾ ಇರ್ತೀಯ."

"ನಿಮ್ಮಪ್ಪ ಒಂದೇ ಏಟಿಗೆ ಹೋದ್ರು. ಇದು ಹಂಗೆ ಸುಖವಾಗಿ ಹೋಗ್ಬಾರ್ದು. ನನ್ನ ಕಣ್ಮುಂದೆ ಹಾಳಾಗ್ಬೇಕು. ಒಂದೊಂದೂರೂ ಉರೀಬೇಕು. ಆ ರಾಜನ ಕೈಲಿ ಏನೂ ಉಳೀಬಾರ್ದು."

"ಹಾಳು ಮಾಡಕ್ಕೂ ಆಡಕ್ ಬರ್ಬೇಕಮ್ಮ."

"ಕಲೀತೀನಿ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡವನ್ನು ಕೂಡಿಸಿಕೊಂಡು ಓದುತ್ತಿದ್ದಳು. ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಅಂಕಿ ಮಾತ್ರ. ಒಬ್ಬಳೇ ಕೂತು ಒತ್ತಿ ನೋಡಿದಳು. ನಕ್ಷೆ ಚಿಕ್ಕದಾಯಿತು, ದೊಡ್ಡದಾಯಿತು, ಒಮ್ಮೆ ಸಮುದ್ರಕ್ಕೆ ಹೋಗಿ ವಾಪಸ್ಸು ಬರುವ ದಾರಿಯೇ ಸಿಗಲಿಲ್ಲ. ಕೊನೆಗೆ ತಿರುಮಲೇಶನಿಗೇ ಫೋನು ಮಾಡಿದಳು.

"ನಿಮಗೆ ನಿಮ್ಮ ಕಾಪಿ ತಾನೆ ಬೇಕು? ನಮ್ಮ ಯಜಮಾನರ ರಾಜ್ಯ ಹಾಳು ಮಾಡೋದು ನನಗೆ ಕಲಿಸಿ. ಹಾಳಾದ ದಿನ ತಗೊಂಡು ಹೋಗಿ."

"ಎಷ್ಟು ಕಷ್ಟಪಟ್ಟು ಕಟ್ಟಿದ್ದ ಅಮ್ಮಾ ಅವನು," ಎಂದ.

"ಮನೆ ನಾನೂ ಕಷ್ಟಪಟ್ಟೇ ಕಟ್ಟಿದ್ದೆ. ಬರ್ತೀರೋ ಇಲ್ವೋ?"

ಮಾರನೆಯ ದಿನ ಸ್ಕೂಟರಿನಲ್ಲಿ ಬಂದ. ಕೈಯಲ್ಲಿ ಫ್ಲಾಸ್ಕು.

"ನಮ್ಮನೆ ಕಾಫಿ ಒಗ್ಗಲ್ವೋ?"

"ಶುಗರ್ ಇದೆಯಮ್ಮಾ. ಚೂಡಾಮಣಿ ಕಟ್ಟಿಕೊಡ್ತಾಳೆ."

"ಆಡಿಸಕ್ಕೆ ಬಂದಾಗ ಇರ್ಲಿಲ್ಲ ಶುಗರ್ರು. ಇಲ್ಲೇ ಕೂತು ಲೋಟ ಲೋಟ ಕುಡೀತಿದ್ರಿ."

"ಆಗ್ಲೂ ಇತ್ತು. ಅವಳಿಗೆ ಗೊತ್ತಿರ್ಲಿಲ್ಲ."

ನೀಲಗಂಗಮ್ಮ ನಗಲಿಲ್ಲ. ಸ್ಟೂಲು ಎಳೆದು ಅವನಿಗೆ ಕೊಟ್ಟಳು. ಗಂಡನ ಕುರ್ಚಿಯಲ್ಲಿ ತಾನು ಕೂತಳು.

ತಿರುಮಲೇಶ ಮೊದಲು ಹೇಳಿಕೊಟ್ಟದ್ದು ಕೀಬೋರ್ಡಿನ ಕೆಳಗಿನ ಉದ್ದ ಪಟ್ಟಿ. "ಇದು ಸ್ಪೇಸ್. ಒತ್ತಿದ್ರೆ ಕಾಲ ನಿಲ್ಲತ್ತೆ. ಇನ್ನೊಂದ್ಸಲ ಒತ್ತಿದ್ರೆ ಓಡತ್ತೆ."

ಅವಳ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ನಿಲ್ಲಿಸೋದು. ಪಾಜ್."

"ನಿಲ್ಲಿಸಬಹುದಾ ಇದನ್ನ?"

"ಹ್ಞೂಂ. ಎಷ್ಟೊತ್ತು ಬೇಕಾದ್ರೂ ನಿಂತಿರತ್ತೆ."

ಅವಳು ಒತ್ತಿದಳು. ಕಾಲ ಓಡಿತು, ಮೂಲೆಯಲ್ಲಿದ್ದ ತಾರೀಕು ಸರಸರ ಉರುಳಿತು. ಮತ್ತೆ ಒತ್ತಿದಳು. ನಿಂತಿತು. ಮತ್ತೆ ಒತ್ತಿದಳು.

"ನಿಲ್ಲಿಸಕ್ಕಾಗಲ್ಲ ಅಂತಿದ್ರು ನನಗೆ. ಮಗಳು ಹೆರಿಗೆಯಾಗಿ ಬಂದಾಗ್ಲೂ ನಿಲ್ಲಿಸಕ್ಕಾಗಲ್ಲ. ಮುದ್ದೆ ಆರಿ ಕಲ್ಲಾದ್ರೂ ನಿಲ್ಲಿಸಕ್ಕಾಗಲ್ಲ. ಒಂದು ಬೆರಳು ಒತ್ತಿದ್ರೆ ಆಗ್ತಿತ್ತು."

ತಿರುಮಲೇಶ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತ.

ಅವಳಿಗೆ ಇನ್ನೊಂದು ನೆನಪಾಯಿತು. ಆವತ್ತು ತಾನು ಬೈಯುತ್ತಾ ಬಂದಾಗ ಪರದೆಯ ಮೇಲೆ ಏನೂ ಅಲ್ಲಾಡುತ್ತಿರಲಿಲ್ಲ. ಮಾಮೂಲಾಗಿ ಅಲ್ಲಿ ಹುಳದಂತೆ ಏನಾದರೂ ಹರಿದಾಡುತ್ತಿತ್ತು.

"ಆವತ್ತು ನಿಂತಿತ್ತು. ಎದ್ದು ಬರಕ್ಕೆ ಅಂತ ನಿಲ್ಲಿಸಿದ್ರೇನೋ."

ತಿರುಮಲೇಶ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಆಟದೊಳಗೆ ಏನಾದ್ರೂ ಸೂಕ್ಷ್ಮ ಕೆಲಸ ಮಾಡ್ವಾಗೆಲ್ಲ ನಿಲ್ಲಿಸ್ತಿದ್ದ ಅಮ್ಮಾ. ಏಳಕ್ಕೆ ಅಲ್ಲ."

"ಗೊತ್ತಾಯ್ತು. ಮುಂದಕ್ಕೆ ಹೇಳಿ."

ಅವಳು ಬೇಗ ಕಲಿತಳು. ಸಿಟ್ಟಿಗೆ ನೆನಪಿನ ಶಕ್ತಿ ಜಾಸ್ತಿ. ಇಂಗ್ಲಿಷು ಬೇಕಾಗಲಿಲ್ಲ, ಎಲ್ಲಕ್ಕೂ ಚಿತ್ರ ಇತ್ತು. ತೆನೆಯ ಚಿತ್ರ ಅಂದರೆ ಧಾನ್ಯ. ಕತ್ತಿ ಅಂದರೆ ಸೈನ್ಯ. ಕೈಕೈ ಹಿಡಿದ ಚಿತ್ರ ಸಾಮಂತರ ನಿಷ್ಠೆ. ಹಸಿರಾಗಿದ್ದರೆ ಸರಿ, ಕೆಂಪಾದರೆ ಆ ಸಾಮಂತ ತಿರುಗಿ ಬೀಳುತ್ತಾನೆ. ನಗುವ ಮುಖ ಅಂದರೆ ಪ್ರಜೆಗಳ ನೆಮ್ಮದಿ. ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತಿತ್ತು. ಕೂಡುಕುಟುಂಬದಲ್ಲಿ ಬಾಳಿದವಳಿಗೆ ಅದೇನೂ ಹೊಸದಲ್ಲ.

ಹಾಳು ಮಾಡುವ ದಾರಿಯನ್ನು ಅವಳೇ ಆರಿಸಿದಳು. ಅಂಗಡಿಯವನ ಹೆಂಡತಿ. ಅಂಗಡಿ ಹೇಗೆ ಮುಳುಗುತ್ತದೆಂದು ಕಂಡವಳು. ಪಕ್ಕದ ಅಂಗಡಿಯವನು ಬಂದವರಿಗೆಲ್ಲ ರಿಯಾಯಿತಿ ಕೊಟ್ಟೂ ಕೊಟ್ಟೂ ಬಾಗಿಲು ಹಾಕಿದ್ದ.

"ಕಂದಾಯ ಎಲ್ಲಿ ಇಳಿಸೋದು?"

"ಇಳಿಸೋದಾ? ಹಾಳು ಮಾಡಕ್ಕೆ ಏರಿಸ್ತಾರಮ್ಮಾ."

"ನಿಮಗೆ ವ್ಯಾಪಾರ ಗೊತ್ತಿಲ್ಲ. ಸುಮ್ನೆ ತೋರ್ಸಿ."

ಕಂದಾಯವನ್ನು ತಳಕ್ಕೆ ಇಳಿಸಿದಳು. ಕಾಲ ಓಡಿಸಿ ಕಾದಳು. ಬೊಕ್ಕಸ ಬರಿದಾಗತೊಡಗಿತು. ಅವಳಿಗೆ ಖುಷಿ. ಆದರೆ ಊರೂರಲ್ಲಿ ನಗುವ ಮುಖ ಹೆಚ್ಚಿತು. ಪಕ್ಕದ ರಾಜ್ಯಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬಂದರು. ಮುನಿಸಿಕೊಂಡಿದ್ದ ಸಾಮಂತನೊಬ್ಬ ಕೆಂಪಿನಿಂದ ಹಸಿರಾದ. ಜನ ಹೆಚ್ಚಿದ್ದರಿಂದ ಬೊಕ್ಕಸ ಮತ್ತೆ ತುಂಬತೊಡಗಿತು.

ತಿರುಮಲೇಶ ಬಾಯಿಗೆ ಕರ್ಚೀಫು ಅಡ್ಡ ಹಿಡಿದಿದ್ದ.

"ನಗ್ತಿದೀರಾ?"

"ಇಲ್ಲಮ್ಮಾ. ನನ್ನ ಕಡೆಯೋರೂ ಇಲ್ಲಿಗೇ ಬರ್ತಿದಾರೆ, ಅದನ್ನ ನೋಡ್ದೆ. ಇಷ್ಟು ವರ್ಷ ಆಡಿದ್ರೂ ಸಿದ್ದಪ್ಪನ ಕೈಲಿ ಹೀಗಾಗಿರ್ಲಿಲ್ಲ. ನೀವು ಹಾಳು ಮಾಡ್ತಾ ಹೋದ್ರೆ ಇನ್ನು ಸ್ವಲ್ಪ ದಿನಕ್ಕೆ ಪಾಟಲಿಪುತ್ರ ನಿಮ್ಮದೇ."

ಅವಳು ಕಂಪ್ಯೂಟರಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿದಳು. "ನಾಳೆ ಬನ್ನಿ."

ಬನಶಂಕರಿ ಮಾರ್ಕೆಟ್ಟಿಗೆ ಸೊಪ್ಪಿಗೆ ಹೋದಾಗಲೂ ಅವಳ ತಲೆಯಲ್ಲಿ ಅದೇ ಓಡುತ್ತಿತ್ತು. ಮಾರುವವಳು ಕೊತ್ತಂಬರಿ ಕಟ್ಟಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಇವತ್ತು ಲೋಡು ಬಂದಿಲ್ಲ ಅಕ್ಕ, ಇದ್ದದ್ದು ಇಷ್ಟೇ ಎಂದಳು. ಲೋಡು ಬರದಿದ್ದರೆ ಆಯಿತು. ನೀಲಗಂಗಮ್ಮನಿಗೆ ದಾರಿ ಹೊಳೆಯಿತು.

ಮಾರನೆಯ ದಿನ ಅವಳು ತೆನೆಯ ಚಿತ್ರ ಹಿಡಿದಳು. ಮರುಳಸಿದ್ದಪ್ಪನ ರಾಜ್ಯದ ಪಡುವಣ ಸೀಮೆ ಗುಡ್ಡಗಾಡು. ಬೆಳೆದದ್ದು ಸಾಲದೆ ಬೇರೆ ಸೀಮೆಯಿಂದ ಧಾನ್ಯ ಹೋಗುತ್ತಿತ್ತು. ಆ ಸಾಗಣೆಗಳನ್ನು ಹುಡುಕಿ ಒಂದೊಂದಾಗಿ ನಿಲ್ಲಿಸಿದಳು. ಕಾಲ ಓಡಿಸಿದಳು. ಕಣಜದ ಅಂಕಿ ಇಳಿಯತೊಡಗಿತು. ನಗುವ ಮುಖ ಚಪ್ಪಟೆಯಾಯಿತು, ಆಮೇಲೆ ಸೊಟ್ಟಗಾಯಿತು.

"ಈಗ ಏನಾಗತ್ತೆ?"

"ಕಣಜ ಬರಿದಾದ್ರೆ ಸಾಯಕ್ಕೆ ಶುರು ಮಾಡ್ತಾರೆ."

"ಮೊದಲು ಯಾರು ಸಾಯೋದು? ರಾಜನಾ?"

"ರಾಜ ಯಾಕೆ ಸಾಯ್ತಾನೆ? ಬೇರೆ ಕಡೆ ಆಗಿದ್ರೆ ಮೊದಲು ಗುಲಾಮರು ಸಾಯ್ತಿದ್ರು. ಇಲ್ಲಿ ಅವರೇ ಇಲ್ವಲ್ಲ. ಅದೇ ನಿಮ್ಮೆಜಮಾನರ ಹುಚ್ಚು."

"ಏನು ಹುಚ್ಚು?"

ತಿರುಮಲೇಶ ಒಂದು ಊರನ್ನು ಒತ್ತಿ ತೆರೆದ. ಅಲ್ಲಿ ಸಾಲಾಗಿ ಚಿಕ್ಕ ಚಿತ್ರಗಳಿದ್ದವು. ಶಾಲು ಹೊದ್ದವನು, ಗುದ್ದಲಿ ಹಿಡಿದವನು, ಬಿಲ್ಲು ಹಿಡಿದ ಕಾಡಿನವನು. ಕೊನೆಯದು ಸಂಕೋಲೆ ಹಾಕಿದ ಎರಡು ಕೈ. ಪ್ರತಿಯೊಂದರ ಪಕ್ಕ ಅಂಕಿ. ಸಂಕೋಲೆಯ ಪಕ್ಕ ಸೊನ್ನೆ. ಇನ್ನೊಂದು ಊರು ತೆರೆದ. ಅಲ್ಲೂ ಸೊನ್ನೆ. ಇನ್ನೊಂದು. ಸೊನ್ನೆ.

"ಯುದ್ಧ ಗೆದ್ರೆ ಸೋತ ಊರಿನವರು ಗುಲಾಮರಾಗಿ ಬರ್ತಾರೆ. ಅವರು ದುಡಿದ್ರೇನೇ ರಾಜ್ಯ ಬೆಳೆಯೋದು. ಆಟ ಮಾಡಿರೋದೇ ಹಾಗೆ. ಇವನು ಒಬ್ಬೊಬ್ಬರನ್ನೇ ಒತ್ತಿ ಬಿಡಿಸ್ತಾ ಕೂರ್ತಿದ್ದ. ನಾನು ಗೆದ್ದ ಊರನ್ನೂ ಕೇಳಿ ಇಸ್ಕೊಳ್ಳೋನು, ಅವರನ್ನೂ ಬಿಡಿಸೋನು. ಇದಕ್ಕೇ ದಿನಗಟ್ಟಲೆ. ಅಯ್ಯಾ, ಬೊಂಬೆ ಕಣೋ ಅವು, ಸೈನ್ಯ ಕಟ್ಟೋ ಅಂತ ನಾನು ಬಡ್ಕೊಂಡೆ. ನಮ್ಮಲ್ಲಿ ದುಡಿದು ತಿನ್ಬೇಕು, ದುಡಿಸ್ಕೊಂಡು ತಿನ್ನಬಾರ್ದು ಅನ್ನೋನು. ಬೊಂಬೆಗೂ ಅದೇ ನ್ಯಾಯ. ನಿಮಗೆ ಹೇಳಿರ್ಲಿಲ್ವೆ?"

"ನನಗೆ ಹೇಳಿದ್ದು ಒಂದೇ. ಇನ್ನೆರಡೇ ಇದೆ ಅಂತ."

ಅವಳು ಮೌಸು ಕಿತ್ತುಕೊಂಡು ಊರೂರನ್ನು ತೆರೆದಳು. ಸೊನ್ನೆ, ಸೊನ್ನೆ. ಉತ್ತರದ ಗಡಿಯಲ್ಲಿ, ತಿರುಮಲೇಶನಿಂದ ಇಸಿದುಕೊಂಡ ಒಂದು ಊರಿನಲ್ಲಿ ಸಂಕೋಲೆಯ ಪಕ್ಕ ಎರಡು ಎಂದಿತ್ತು.

ತಿರುಮಲೇಶ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಎಂಥಾ ಮನುಷ್ಯ ನೋಡಿ ಅಮ್ಮಾ."

"ಎಂಥಾ ಮನುಷ್ಯ?" ನೀಲಗಂಗಮ್ಮ ತಿರುಗಿದಳು. "ದುಡಿಸ್ಕೊಂಡು ತಿನ್ನಬಾರ್ದು ಅಂತಿದ್ರಾ? ಒಳಗೆ ಒಬ್ಳು ಕೂತು ಕಾಳು ಹಿತಕ್ತಾ ಇದ್ಲು. ಬೆರಳು ಬೆಂಡಾಯ್ತು ಅಂತ ಕೂಗಿದ್ಲು. ಅವಳು ಯಾವ ಚಿತ್ರದಲ್ಲಿ ಬರ್ತಾಳೆ? ಅವಳ ಪಕ್ಕ ಎಷ್ಟಿದೆ ಅಂಕಿ?"

"ಅಮ್ಮಾ..."

"ಅಳ್ಬೇಡಿ ನನ್ನ ಮುಂದೆ. ಅಳೋ ಹಾಗಿದ್ರೆ ಜಯನಗರಕ್ಕೆ ಹೋಗಿ ಅತ್ಕೊಳ್ಳಿ."

ಅವನು ಫ್ಲಾಸ್ಕು ಎತ್ತಿಕೊಂಡು ಹೋದ. ಅವಳು ಅಲ್ಲೇ ಕೂತಿದ್ದಳು. ಪಡುವಣ ಸೀಮೆಯ ಕಣಜದಲ್ಲಿ ಇನ್ನು ಸ್ವಲ್ಪವೇ ಉಳಿದಿತ್ತು. ಆ ಉದ್ದ ಪಟ್ಟಿ ಒತ್ತಿದರೆ ಸಾಕು, ಅವಳು ಕೇಳಿದ್ದು ಕಣ್ಮುಂದೆ ಆಗುತ್ತಿತ್ತು. ಅವಳು ನಿಲ್ಲಿಸಿದ ಧಾನ್ಯವನ್ನು ಒಂದೊಂದಾಗಿ ಮತ್ತೆ ಬಿಟ್ಟಳು. ಮನಸ್ಸು ಕರಗಿತ್ತೆಂದಲ್ಲ. ಗಂಡನ ಮೇಲಿನ ಸಿಟ್ಟನ್ನು ಹಸಿದವರ ಮೇಲೆ ತೀರಿಸಿಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ.

ಆಮೇಲೆ ಗಡಿಯ ಊರು ತೆರೆದು ಆ ಇಬ್ಬರನ್ನು ಬಿಡಿಸಿದಳು. ಒಂದು, ಎರಡು. ಕಾಳು ಹಿತಕುವಷ್ಟೇ ಕೆಲಸ. ಸಂಕೋಲೆಯ ಪಕ್ಕ ಸೊನ್ನೆ ಬಂತು.

ಇಷ್ಟೇ ತಾನೆ, ಮುಗಿಯಿತು ಎಂದುಕೊಂಡಳು. ನೋಡೋಣವೆಂದು ಕಾಲ ಓಡಿಸಿದಳು. ಸ್ವಲ್ಪ ಹೊತ್ತಿಗೆ ಇನ್ನಾವುದೋ ಊರಿನಲ್ಲಿ, ಗುದ್ದಲಿಯವರ ಸಾಲಿನಿಂದ ಒಬ್ಬ ತಾನಾಗಿಯೇ ಸಂಕೋಲೆಗೆ ಇಳಿದ. ಅವನನ್ನು ಎತ್ತುವಷ್ಟರಲ್ಲಿ ಇನ್ನೊಂದು ಕಡೆ ಇನ್ನಿಬ್ಬರು.

ತಿರುಮಲೇಶನಿಗೆ ಫೋನು ಮಾಡಿದಳು. "ಬಿಡಿಸಿದೋರು ಮತ್ತೆ ಬೀಳ್ತಿದಾರಲ್ಲ ರೀ."

"ಬೀಳ್ತಾರಮ್ಮಾ. ಆಟದ ನಿಯಮ ಅದು. ಕಾಲ ಓಡಿದ್ರೆ ಒಂದಿಷ್ಟು ಜನ ಕೆಳಗೆ ಇಳೀತಾನೇ ಇರ್ತಾರೆ. ಎತ್ತಬೇಕು, ಮತ್ತೆ ಇಳೀತಾರೆ."

"ಹಂಗಾದ್ರೆ ಯಾವಾಗ ಮುಗಿಯೋದು?"

"ಅದು ಮುಗಿಯೋದಲ್ಲ."

"ಇನ್ನೆರಡೇ ಇದೆ ಅಂದಿದ್ರಲ್ಲ ನಮ್ಮ ಯಜಮಾನರು."

"ಯಾವಾಗ ಕೇಳಿದ್ರೂ ಇನ್ನೆರಡು ಇದ್ದೇ ಇರತ್ತೆ ಅಮ್ಮಾ."

ಅವಳು ಫೋನಿಟ್ಟಳು. ಸಾಯುವ ಹೊತ್ತಲ್ಲೂ ಸುಳ್ಳು. ಮುಗಿಯದ ಕೆಲಸಕ್ಕೆ ಇನ್ನೆರಡೇ ಎಂದಿದ್ದ. ಬರುವ ಮನಸ್ಸೇ ಇರಲಿಲ್ಲ. ಕಸಬರಿಗೆ ಹಿಡಿದು ನಡುಮನೆಯನ್ನು ಗುಡಿಸಿದಳು. ಬೆಳಿಗ್ಗೆ ಗುಡಿಸಿದ್ದೇ. ಮತ್ತೆ ಧೂಳು ಕೂತಿತ್ತು. ಮದುವೆಯಾಗಿ ಬಂದಾಗಿನಿಂದ ಗುಡಿಸುತ್ತಿದ್ದಾಳೆ, ಧೂಳು ಕೂರುತ್ತಲೇ ಇದೆ. ಮುಗಿಯದ ಕೆಲಸ ಅವಳಿಗೆ ಹೊಸದಲ್ಲ. ಅವನಿಗೂ ಒಂದು ಅಂಥದ್ದು ಇತ್ತೆಂದು ತಿಳಿಯಿತು. ಅಷ್ಟಕ್ಕೆ ಅವನನ್ನು ಕ್ಷಮಿಸಲಿಲ್ಲ.

ಒಂದು ವಾರ ಬಿಟ್ಟು ತಿರುಮಲೇಶ ಮೆಲ್ಲಗೆ ಫೋನಿನಲ್ಲಿ ಕೇಳಿದ. "ಹಾಳಾಯ್ತಾ ಅಮ್ಮಾ?"

"ಇಲ್ಲ."

"ಮತ್ತೆ ನನ್ನ ಕಾಪಿ?"

"ಕಾಪಿ ಗೀಪಿ ಇಲ್ಲ. ದಿನಾ ಬೆಳಿಗ್ಗೆ ಒಲೆ ಹಚ್ಚಿದಾಗ ಇದನ್ನ ಹಚ್ತೀನಿ. ಬೇಕಿದ್ರೆ ಆಗ ನಿಮ್ಮನೆಯಿಂದ್ಲೇ ಆಟಕ್ಕೆ ಬಂದು ನಿಮ್ಮ ಸೈನ್ಯ ನಡೆಸ್ಕೊಳ್ಳಿ. ನಾನು ನಿಲ್ಲಿಸಿದ ಮೇಲೆ ನಿಂತ್ಹೋಯ್ತು. ಮತ್ತೆ ಮಾರನೇ ದಿನವೇ."

"ಅಷ್ಟು ಹೊತ್ತಲ್ಲಿ ಯುದ್ಧ ಆಗತ್ತಾ ಅಮ್ಮಾ?"

"ಆಗ್ದಿದ್ರೆ ಬೇಡ. ಜನ ಉಳ್ಕೊಳ್ತಾರೆ."

ತಿರುಮಲೇಶ ಬರುತ್ತಾನೆ. ಬೇರೆ ದಾರಿಯಿಲ್ಲ. ಅಷ್ಟು ಹೊತ್ತಿಗೇ ಎದ್ದು ಕಾಯುತ್ತಾನೆ ಎಂದು ಚೂಡಾಮಣಿ ದೂರುತ್ತಾಳೆ. ಅವನ ಸೈನ್ಯ ವಿಂಧ್ಯಕ್ಕೆ ಹೊರಟದ್ದು ಇನ್ನೂ ತುಂಗಭದ್ರೆ ದಾಟಿಲ್ಲ.

ನೀಲಗಂಗಮ್ಮ ಬಾಗಿಲು ಗುಡಿಸಿ ನೀರು ಹಾಕಿ ರಂಗೋಲಿ ಎಳೆಯುತ್ತಾಳೆ. ಸ್ನಾನ ಮಾಡಿ ಲಿಂಗಪೂಜೆ ಮುಗಿಸುತ್ತಾಳೆ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಉರಿ ಸಣ್ಣಗೆ ಮಾಡಿ ನಡುಮನೆಗೆ ಬರುತ್ತಾಳೆ. ಕುರ್ಚಿಯಲ್ಲಿ ಕೂತು ಕಾಲ ಓಡಿಸುತ್ತಾಳೆ. ಯಾವ ಊರಿನಲ್ಲಿ ಯಾರು ಇಳಿದಿದ್ದಾರೆ ನೋಡಿ ಎತ್ತುತ್ತಾಳೆ. ಎತ್ತುವಾಗ ಗಂಡನನ್ನು ಬೈಯುತ್ತಾಳೆ, ದಿನಕ್ಕೊಂದು ಹೊಸ ಬೈಗುಳ ಸಿಗುತ್ತದೆ. ಬೆರಳ ವಿಭೂತಿ ಕೀಬೋರ್ಡಿಗೆ ಮೆತ್ತುತ್ತದೆ. ಈಗ ಅದು ಅವಳದೇ.

ಒಲೆಯ ಕಡೆಯಿಂದ ಹಾಲು ಸುಂಯ್ ಎನ್ನುತ್ತದೆ. ಇನ್ನಾವುದೋ ಊರಿನಲ್ಲಿ ಇನ್ನೆರಡು ಉಳಿದಿರುತ್ತದೆ. ಅವಳು ಉದ್ದ ಪಟ್ಟಿ ಒತ್ತಿ ಕಾಲ ನಿಲ್ಲಿಸುತ್ತಾಳೆ. ಹಳೇ ಬನಿಯನ್ನಿನ ಚೂರಿನಿಂದ ಕೀಬೋರ್ಡಿನ ಬೂದಿ ಒರೆಸುತ್ತಾಳೆ. ಹಾಲು ಉಕ್ಕುವ ಮೊದಲು ಎದ್ದು ಹೋಗುತ್ತಾಳೆ.